ಸ್ವಪಕ್ಷಪ್ರಹಾರವೂ ದಂಡನೀತಿಯೂ: ‘ಈವ್ ಆನ್‌ಲೈನ್’ ಎಂಬ ಅಂತರಿಕ್ಷಸಮರಕ್ರೀಡೆಯ ಒಂದು ಪರಿಶೀಲನೆ

ಶತ್ರುವಿಗೆಂದು ಎತ್ತಿದ ಆಯುಧವು ಮಿತ್ರನ ಮೈಮೇಲೆ ಬೀಳುವುದು ಯುದ್ಧದಷ್ಟೇ ಪ್ರಾಚೀನವಾದ ಅನರ್ಥ. ದ್ರೋಣಪರ್ವದ ರಾತ್ರಿಯುದ್ಧದಲ್ಲಿ ಕತ್ತಲೆ ಕವಿದು ತನ್ನವರಾರು ಪರರಾರು ಎಂಬುದು ತಿಳಿಯದೆ ಸೇನೆಗಳು ತಳಮಳಿಸಿದಾಗ, ದುರ್ಯೋಧನನು ಕಾಲಾಳುಗಳಿಗೆ ಆಯುಧಗಳನ್ನು ಬದಿಗಿಟ್ಟು ದೀವಿಗೆಗಳನ್ನು ಹಿಡಿಯುವಂತೆ ಆಜ್ಞಾಪಿಸಬೇಕಾಯಿತು. ಝೇಲಂ ನದಿಯ ದಡದಲ್ಲಿ ಅಲೆಕ್ಸಾಂಡರನೊಡನೆ ನಡೆದ ಕಾಳಗದಲ್ಲಿ ಗಾಯಗೊಂಡು ಮದವೇರಿದ ಪೌರವನ ಆನೆಗಳು ಎರಡು ಪಕ್ಷದವರನ್ನೂ ಭೇದವಿಲ್ಲದೆ ತುಳಿದುವು. ಇದು ಪುರಾತನರ ಕಷ್ಟವೆಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ: 1991ರ ಕೊಲ್ಲಿ ಯುದ್ಧದಲ್ಲಿ ಕದನದಲ್ಲಿ ಮಡಿದ 148 ಮಂದಿ ಅಮೆರಿಕನ್ ಯೋಧರಲ್ಲಿ 35 ಮಂದಿ ತಮ್ಮ ಪಕ್ಷದವರ ಹೊಡೆತಕ್ಕೇ ಬಲಿಯಾದರು, 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡಗಾಮ್ ಬಳಿ ನಮ್ಮದೇ ಕ್ಷಿಪಣಿಯ ಆಘಾತಕ್ಕೆ ನಮ್ಮದೇ ವಾಯುಪಡೆಯ ಹೆಲಿಕಾಪ್ಟರ್ ಉರುಳಿ, ಅದರಲ್ಲಿದ್ದ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಪ್ರಾಣ ಕಳೆದುಕೊಂಡರು.

ಆಟಗಾರರು ‘ಫ್ರೆಂಡ್ಲಿ ಫೈರ್’ ಎಂದೇ ಕರೆಯುವ ಈ ಅನರ್ಥವನ್ನು ಪ್ರಸ್ತುತ ಲೇಖನದಲ್ಲಿ ‘ಸ್ವಪಕ್ಷಪ್ರಹಾರ’ವೆಂದು ಕರೆಯುತ್ತೇನೆ. ಕ್ರೀಡಾಜಗತ್ತಿನಲ್ಲಿ ಪ್ರಾಣಹಾನಿಯಿಲ್ಲವೆಂಬುದು ನಿಜ. ಆದರೆ ತಿಂಗಳುಗಟ್ಟಲೆ ಶ್ರಮಿಸಿ ಸಂಪಾದಿಸಿದ ನೌಕೆಯೊಂದು ಕ್ಷಣಮಾತ್ರದಲ್ಲಿ ನಾಶವಾದಾಗ ಅದರ ಒಡೆಯನಿಗೆ ಆಗುವ ನಷ್ಟವೂ, ಜೊತೆಗಾರರಲ್ಲಿ ಹುಟ್ಟುವ ಅವಿಶ್ವಾಸವೂ ಕಲ್ಪಿತವಾದುವಲ್ಲ. ಈ ಪ್ರಹಾರಕ್ಕೆ ಶಿಕ್ಷೆಯನ್ನು ವಿಧಿಸಬೇಕಾದುದು ಯಂತ್ರ; ಯಂತ್ರಕ್ಕಾದರೋ ಹೊಡೆತ ಕಾಣುತ್ತದೆಯೇ ಹೊರತು ಹೊಡೆದವನ ಮನಸ್ಸು ಕಾಣದು. ಮನಸ್ಸನ್ನರಿಯದ ನ್ಯಾಯಾಧೀಶನು ದಂಡವನ್ನು ಹೇಗೆ ನಡೆಸಬೇಕೆಂಬ ಪ್ರಶ್ನೆಯನ್ನು, ಆ ಕ್ಷೇತ್ರದಲ್ಲಿ ದೀರ್ಘವಾದ ಅನುಭವವುಳ್ಳ ಕ್ರೀಡೆಯೊಂದರ ಚರಿತ್ರೆಯಿಂದ ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಐಸ್‌ಲೆಂಡಿನ ರಾಜಧಾನಿಯಾದ ರೇಕ್ಯಾವಿಕ್‌ನ ಸಿಸಿಪಿ ಸಂಸ್ಥೆಯು 2003ರ ಮೇ 6ರಂದು ಹೊರತಂದ ‘ಈವ್ ಆನ್‌ಲೈನ್’ ಎಂಬ ಕ್ರೀಡೆಯಲ್ಲಿ, ಚೀನಾದ ಪ್ರತ್ಯೇಕ ಸರ್ವರ್‌ನವರನ್ನು ಬಿಟ್ಟರೆ, ಆಟಗಾರರೆಲ್ಲರೂ ಒಂದೇ ಬ್ರಹ್ಮಾಂಡದಲ್ಲಿ ಏಕಕಾಲಕ್ಕೆ ಸಂಚರಿಸುತ್ತಾರೆ. ಅಲ್ಲಿನ ಪ್ರತಿಯೊಂದು ಸೌರಮಂಡಲಕ್ಕೂ ಒಂದು ಭದ್ರತಾಂಕವುಂಟು. 1.0ರಿಂದ 0.5ರವರೆಗಿನದು ಸುರಕ್ಷಿತ ಪ್ರದೇಶ, 0.4ರಿಂದ 0.1ರವರೆಗಿನದು ಅರೆಸುರಕ್ಷಿತ, 0.0 ಮತ್ತು ಅದಕ್ಕೂ ಕೆಳಗಿನದು ಯಾವ ಅಧಿಕಾರವೂ ನಡೆಯದ ಅರಾಜಕಸೀಮೆ. ಸುರಕ್ಷಿತ ಪ್ರದೇಶದಲ್ಲಿ ಯಾವನಾದರೂ ಅನುಮತಿಯಿಲ್ಲದೆ ಮತ್ತೊಬ್ಬನನ್ನು ಹೊಡೆದನೆಂದರೆ, ಹೊಡೆಸಿಕೊಂಡವನು ಅಪರಿಚಿತನಾಗಿರಲಿ, ಜೊತೆಗೂಡಿ ಹಾರುತ್ತಿದ್ದ ಒಡನಾಡಿಯೇ ಆಗಿರಲಿ, ‘ಕಾನ್‌ಕಾರ್ಡ್’ ಎಂಬ ಯಾಂತ್ರಿಕ ಆರಕ್ಷಕಪಡೆಯು ಬಂದು ಅಪರಾಧಿಯ ನೌಕೆಯನ್ನು ತಪ್ಪದೆ ನಾಶಮಾಡುತ್ತದೆ. 1.0 ಅಂಕದ ಮಂಡಲದಲ್ಲಿ ಅದು ಬರಲು ಸುಮಾರು ಆರು ಸೆಕೆಂಡು, 0.5ರಲ್ಲಿ ಸುಮಾರು ಹತ್ತೊಂಬತ್ತು ಸೆಕೆಂಡು. ಅಪರಾಧಿಯೆಂಬ ಗುರುತು ಹದಿನೈದು ನಿಮಿಷ ನಿಲ್ಲುತ್ತದೆ. ಈ ಪಡೆಯಿಂದ ತಪ್ಪಿಸಿಕೊಳ್ಳುವ ಉಪಾಯವನ್ನು ಯಾರಾದರೂ ಕಂಡುಹಿಡಿದರೂ ಅದನ್ನು ಪ್ರಯೋಗಿಸುವುದೇ ಕ್ರೀಡೆಯ ನಿಯಮಗಳಿಗೆ ವಿರುದ್ಧವೆಂದು ಸಂಸ್ಥೆಯು ಸಾರಿದೆ.

ಈ ದಂಡದ ಎರಡು ಲಕ್ಷಣಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಕಾನ್‌ಕಾರ್ಡ್ ಕೊಲ್ಲುತ್ತದೆಯೇ ವಿನಾ ಕಾಯುವುದಿಲ್ಲ. ಅದು ಬರುವಷ್ಟರಲ್ಲಿ ಹೊಡೆಸಿಕೊಂಡವನ ನೌಕೆ ಭಸ್ಮವಾಗಿದ್ದರೆ ಅವನಿಗೆ ದೊರೆಯುವುದು ಪ್ರತೀಕಾರದ ದೃಶ್ಯವೊಂದೇ. ಎರಡನೆಯದಾಗಿ, ಕೈತಪ್ಪಿ ಹೊಡೆದವನನ್ನೂ ಕೊಲ್ಲಲೆಂದೇ ಹೊಡೆದವನನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ‘ಸ್ಮಾರ್ಟ್‌ಬಾಂಬ್’ ಎಂಬ ಆಯುಧಕ್ಕೆ ಗುರಿಯೆಂಬುದೇ ಇಲ್ಲ. ಪ್ರಯೋಗಿಸಿದವನ ನೌಕೆಯ ಸುತ್ತಲೂ ಚಕ್ರಾಕಾರವಾಗಿ ಸಿಡಿದು ಅಳತೆಯೊಳಗಿರುವ ಸಮಸ್ತವನ್ನೂ ತಾಗುತ್ತದೆ. ಒಂದು ಸೌರಮಂಡಲದಿಂದ ಮತ್ತೊಂದಕ್ಕೆ ದಾಟಿಸುವ, ಜನಸಂದಣಿಯ ಮಹಾದ್ವಾರದ ಬಳಿ ಶತ್ರುವಿಗೆಂದು ಅದನ್ನು ಸಿಡಿಸಿದವನು, ಪಕ್ಕದಲ್ಲಿ ಹಾದುಹೋಗುತ್ತಿದ್ದ ವರ್ತಕನ ಹಡಗಿಗೆ ಅದರ ಅಂಚು ತಾಗಿದೊಡನೆಯೇ ಅಪರಾಧಿಯಾಗುತ್ತಿದ್ದನು.

ನಮ್ಮ ಧರ್ಮಶಾಸ್ತ್ರಕಾರರು ಈ ಭೇದವನ್ನು ಎಷ್ಟೋ ಸೂಕ್ಷ್ಮವಾಗಿ ವಿವೇಚಿಸಿದ್ದರು. ಕಲ್ಯಾಣದ ಚಾಳುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾವುದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನೋ ಆ ಯಾಜ್ಞವಲ್ಕ್ಯಸ್ಮೃತಿಯು, ಕಟ್ಟಿಗೆ, ಹೆಂಟೆ, ಬಾಣ, ಕಲ್ಲು ಮುಂತಾದುವನ್ನು ಎಸೆಯುವವನು ‘ಸರಿ, ಸರಿ’ ಎಂದು ಮೊದಲೇ ಕೂಗಿ ಎಚ್ಚರಿಸಿದ್ದರೆ, ಆಮೇಲೆ ಅದು ಯಾರಿಗಾದರೂ ತಗುಲಿದಲ್ಲಿ ಎಸೆದವನಿಗೆ ದೋಷವಿಲ್ಲವೆಂದು ವಿಧಿಸುತ್ತದೆ. ಇಲ್ಲಿ ನ್ಯಾಯದ ದೃಷ್ಟಿಯು ಬಾಣ ನಾಟಿದ ಕ್ಷಣದ ಮೇಲೆ ನೆಟ್ಟಿಲ್ಲ. ಬಾಣವನ್ನು ಬಿಡುವುದಕ್ಕೆ ಮುಂಚಿನ ಕ್ಷಣದ ಮೇಲೆ ನೆಟ್ಟಿದೆ. ಈವ್ ಕ್ರೀಡೆಯ ನಿಯಮಕರ್ತರು ಬಹುವರ್ಷಗಳ ತೊಳಲಾಟದ ಬಳಿಕ ತಲುಪಿದುದೂ ಇದೇ ನೆಲೆಯನ್ನು ಎಂಬುದು ನನ್ನ ಪ್ರತಿಪಾದನೆ.

ತೊಳಲಾಟಕ್ಕೆ ಕಾರಣವೇನೆಂದರೆ, ಪ್ರಮಾಣವೂ ಕಾಲವೂ ಮುಂಗಡವಾಗಿಯೇ ಗೊತ್ತಿರುವ ದಂಡವು ದಂಡವಾಗಿ ಉಳಿಯದೆ ಬೆಲೆಯಾಗಿ ಮಾರ್ಪಡುತ್ತದೆ. ಗ್ನೀಜಿ ಮತ್ತು ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವು ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಿಗೆ ಸಂಬಂಧಿಸಿದ್ದು. ಮಕ್ಕಳನ್ನು ತಡವಾಗಿ ಕರೆದೊಯ್ಯಲು ಬರುವ ತಾಯಿತಂದೆಗಳಿಗೆ ಜುಲ್ಮಾನೆ ಹಾಕಲಾರಂಭಿಸಿದ ಮೇಲೆ ತಡವಾಗಿ ಬರುವವರ ಸಂಖ್ಯೆ ಇಳಿಯುವುದಕ್ಕೆ ಬದಲಾಗಿ ಏರಿತೆಂದು ಅದು ತೋರಿಸಿತು. ಕಾನ್‌ಕಾರ್ಡಿನ ವಿಷಯದಲ್ಲಿ ನಡೆದುದೂ ಅದೇ. ಅಗ್ಗದ ಸಣ್ಣ ನೌಕೆಗಳನ್ನೇರಿದ ಗುಂಪೊಂದು, ಹತ್ತೊಂಬತ್ತು ಸೆಕೆಂಡುಗಳೊಳಗೆ ಎಷ್ಟು ಹೊಡೆತ ಬೀಳಿಸಬಹುದೆಂದು ಲೆಕ್ಕಹಾಕಿ, ಸರಕು ತುಂಬಿದ ದೊಡ್ಡ ಹಡಗನ್ನು ಒಡೆದು, ತಮ್ಮ ನೌಕೆಗಳೆಲ್ಲ ನಾಶವಾದ ಮೇಲೆ ಚೆಲ್ಲಿದ ಸರಕನ್ನು ಬೇರೊಬ್ಬನ ಮೂಲಕ ಬಾಚಿಕೊಳ್ಳುವುದು ಒಂದು ಕಸುಬೇ ಆಯಿತು. ‘ಸೂಯಿಸೈಡ್ ಗ್ಯಾಂಕಿಂಗ್’ ಎಂದು ಇದಕ್ಕೆ ಹೆಸರು. ಕಾನ್‌ಕಾರ್ಡ್ ನಾಶಮಾಡಿದ ನೌಕೆಗೂ ವಿಮೆಯ ಹಣ ಸಲ್ಲುತ್ತಿದ್ದುದನ್ನು 2011ರ ಕೊನೆಯಲ್ಲಿ ನಿಲ್ಲಿಸಲಾಯಿತು. ಅದರಿಂದ ಬೆಲೆ ಏರಿತೇ ಹೊರತು ಅದು ಬೆಲೆಯಾಗಿರುವುದು ತಪ್ಪಲಿಲ್ಲ. ಬುದ್ಧಿಪೂರ್ವಕವಾದ ದ್ರೋಹಿಯು ಲೆಕ್ಕಹಾಕಿ ತೆರುವ ಬೆಲೆಯನ್ನು ಕೈತಪ್ಪಿದ ನಿರಪರಾಧಿಯು ಲೆಕ್ಕವಿಲ್ಲದೆ ತೆರಬೇಕಾಗುವುದು ಈ ವ್ಯವಸ್ಥೆಯ ಅತ್ಯಂತ ನೋವಿನ ಸಂಗತಿಯೆಂದು ನನಗೆ ತೋರುತ್ತದೆ.

2012ರ ಡಿಸೆಂಬರಿನಲ್ಲಿ ‘ರೆಟ್ರಿಬ್ಯೂಶನ್’ ಎಂಬ ಹೆಸರಿನಿಂದ ಬಂದ ಪರಿಷ್ಕರಣದ ಮಹತ್ತ್ವವು ಇಲ್ಲಿದೆ. ಆ ಹೆಸರಿಗೆ ಪ್ರತಿಫಲರೂಪವಾದ ದಂಡನೆಯೆಂಬ ಅರ್ಥವಿದ್ದರೂ ಅದರ ಸಾರ್ಥಕವಾದ ಅಂಶವು ದಂಡನೆಗೆ ಸಂಬಂಧಿಸಿದುದಲ್ಲ. ನೌಕೆಯ ಕವಚ, ಶಕ್ತಿ, ವೇಗಗಳನ್ನು ತೋರುವ ವರ್ತುಲಾಕಾರದ ಫಲಕದ ಮಗ್ಗುಲಲ್ಲಿ ಬೆರಳುಗುರಿನಷ್ಟು ಸಣ್ಣದಾದ ಬಣ್ಣದ ಗುಂಡಿಯೊಂದನ್ನು ಕೂರಿಸಿದರು. ಅದು ಹಸುರಾಗಿರುವಾಗ ಚಾಲಕನು ಆಯುಧದ ಬಟನ್ ಒತ್ತಿದರೂ, ಅಪರಾಧವಾಗುವಂಥ ಹೊಡೆತವಾದರೆ ಆಯುಧವು ಸಿಡಿಯದೆ, ಸುರಕ್ಷಾವ್ಯವಸ್ಥೆಯು ತಡೆಯುತ್ತಿದೆಯೆಂಬ ಸೂಚನೆ ಮಾತ್ರ ತೆರೆಯ ಮೇಲೆ ಮೂಡುತ್ತದೆ. ಹಳದಿಯಾಗಿಸಿದರೆ ಸಂಶಯಾಸ್ಪದನೆನಿಸುವ ಕಾರ್ಯಗಳಿಗೆ ಅವಕಾಶ. ಕೆಂಪಾಗಿಸಿದರೆ ಎಲ್ಲಕ್ಕೂ ಅವಕಾಶ. ಹಸುರನ್ನು ಕೆಂಪಾಗಿಸುವುದಕ್ಕೆ ಬೇಕಾದ ಆ ಒಂದೆರಡು ಕ್ಷಣಗಳ ಕೈಕೆಲಸವೇ ಮನಸ್ಸಿನ ಸಾಕ್ಷ್ಯ. ಯಂತ್ರಕ್ಕೆ ಅಗೋಚರವಾಗಿದ್ದ ಸಂಕಲ್ಪವು ಹೀಗೆ ಗುಂಡಿಯ ಬಣ್ಣವಾಗಿ ಅದರ ಕಣ್ಣಿಗೆ ಬಿದ್ದಿತು. ಗುಂಡಿಯನ್ನು ಕೆಂಪುಮಾಡಿಕೊಂಡು ಹೊಡೆದವನು ‘ಅರಿಯದೆ ಹೊಡೆದೆ’ ಎನ್ನುವ ಮಾತಿಗೆ ಅಲ್ಲಿಂದಾಚೆಗೆ ಬಲವುಳಿಯಲಿಲ್ಲ.

ಸಂಘದೊಳಗಿನ ಪ್ರಹಾರದ ಸಮಸ್ಯೆಯು ಇದಕ್ಕಿಂತ ಜಟಿಲವಾಗಿತ್ತು. ಆಟಗಾರರು ಕಟ್ಟಿಕೊಳ್ಳುವ ಸಂಘಗಳಿಗೆ ‘ಕಾರ್ಪೊರೇಶನ್’ ಎಂದು ಹೆಸರು. ಒಂದೇ ಕಾರ್ಪೊರೇಶನ್ನಿನ ಸದಸ್ಯರು ಪರಸ್ಪರ ಹೊಡೆದುಕೊಂಡರೆ ಅದು ಅವರ ಮನೆಯ ವಿಷಯವೆಂದು ಕಾನ್‌ಕಾರ್ಡ್ ಸುಮ್ಮನಿರುತ್ತಿತ್ತು. ಅಭ್ಯಾಸಕ್ಕಾಗಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸುವುದಕ್ಕೂ, ಹೊಸದಾಗಿ ಕೊಂಡ ಆಯುಧವನ್ನು ಗೆಳೆಯನ ಕವಚದ ಮೇಲೆ ಪರೀಕ್ಷಿಸುವುದಕ್ಕೂ ಈ ಸ್ವಾತಂತ್ರ್ಯ ಬೇಕಾಗಿತ್ತು. ಆದರೆ ಸ್ನೇಹದ ಸೋಗಿನಲ್ಲಿ ಸಂಘವನ್ನು ಸೇರಿ, ವಿಶ್ವಾಸ ಗಳಿಸಿ, ಒಂದು ದಿನ ಒಡನಾಡಿಗಳನ್ನೇ ಹೊಡೆದುರುಳಿಸುವವರಿಗೂ ಇದೇ ಹೆಬ್ಬಾಗಿಲಾಯಿತು. ಆಟಗಾರನೊಬ್ಬನ ಪಾತ್ರನಾಮದಿಂದ ಹುಟ್ಟಿದ ‘ಆವಾಕ್ಸಿಂಗ್’ ಎಂಬ ಶಬ್ದವು ಈ ದ್ರೋಹಕ್ಕೆ ರೂಢಿಯಾಗುವಷ್ಟು ಅದು ವ್ಯಾಪಕವಾಗಿತ್ತು. ಇದರಿಂದ ಸಂಘದ ಮುಖ್ಯಸ್ಥರು ಹೊಸಬರನ್ನು ಸೇರಿಸಿಕೊಳ್ಳುವುದಕ್ಕೇ ಅಂಜತೊಡಗಿದರು. ಏಕಾಕಿಯಾಗಿ ಬಂದ ಹೊಸ ಆಟಗಾರನಿಗೆ ಆಶ್ರಯ ದುರ್ಲಭವಾಯಿತು. 2015ರಲ್ಲಿ ತಂದ ಪರಿಹಾರವು ದಂಡವನ್ನು ಹೆಚ್ಚಿಸಲಿಲ್ಲ. ಸಂಘದೊಳಗಿನ ಪ್ರಹಾರವು ಸಮ್ಮತವೋ ನಿಷಿದ್ಧವೋ ಎಂಬುದನ್ನು ಆಯಾ ಸಂಘವೇ ಘೋಷಿಸತಕ್ಕದ್ದೆಂದು ವಿಧಿಸಿತು. ಘೋಷಣೆಯನ್ನು ಬದಲಿಸಿದರೂ ಅದು ಒಡನೆಯೇ ಜಾರಿಗೆ ಬರದೆ ಇಪ್ಪತ್ತನಾಲ್ಕು ಗಂಟೆಗಳ ಅವಧಿ ಕಳೆಯಬೇಕು. ‘ಸರಿ, ಸರಿ’ ಎಂಬ ಸ್ಮೃತಿಯ ಕೂಗಿಗೆ ಇದಕ್ಕಿಂತ ಸಮೀಪವಾದ ಆಧುನಿಕರೂಪವನ್ನು ನಾನು ಕಂಡಿಲ್ಲ.

ಇತರ ಕ್ರೀಡೆಗಳೂ ಇದೇ ದಿಕ್ಕಿಗೆ ಹೊರಳಿವೆ. 1984ರ ಮೂಲ ‘ಎಲೀಟ್’ ಕ್ರೀಡೆಯಲ್ಲಿ ಒಬ್ಬನೇ ಆಡುವವನಿದ್ದು, ಶುದ್ಧ, ಅಪರಾಧಿ, ಪಲಾಯಿತ ಎಂಬ ಮೂರೇ ಅವಸ್ಥೆಗಳು ಸಾಕಾಗಿದ್ದುವು. ಅದರ ಸಂತತಿಯಾಗಿ ಬಂದ ಬಹುಜನಕ್ರೀಡೆ ‘ಎಲೀಟ್ ಡೇಂಜರಸ್’ನಲ್ಲಿ, ತನ್ನ ಮೇಲೆ ನಡೆದ ಅಪರಾಧಗಳನ್ನು ವರದಿಮಾಡಬೇಕೇ ಬೇಡವೇ ಎಂಬುದನ್ನು ಹೊಡೆಸಿಕೊಳ್ಳುವವನೇ ಮೊದಲು ನಿಶ್ಚಯಿಸಿಕೊಳ್ಳಬಹುದು, ‘ಸ್ಟಾರ್ ಸಿಟಿಜನ್’ನಲ್ಲಿ ಹೊಡೆಸಿಕೊಂಡವನಿಗೆ, ಆಪಾದನೆ ಹೊರಿಸುವೆಯಾ ಎಂಬ ಪ್ರಶ್ನೆಯನ್ನು ಆಮೇಲೆ ಕೇಳಲಾಗುತ್ತದೆ. ಎರಡನೆಯ ವಿಧಾನದಲ್ಲಿ ಕ್ಷಮೆಗೆ ಅವಕಾಶವಿದೆಯಾದರೂ, ರೋಷದ ಬಿಸಿಯಲ್ಲಿರುವವನನ್ನು ಆ ಕ್ಷಣದಲ್ಲೇ ನ್ಯಾಯಾಧೀಶನನ್ನಾಗಿಸುವುದು ಅಷ್ಟೊಂದು ವಿವೇಕವೆಂದು ನಾನೊಪ್ಪಲಾರೆ.

ಇನ್ನು ಉಳಿದಿರುವುದು ಅರಾಜಕಸೀಮೆ. ಅಲ್ಲಿ ಕಾನ್‌ಕಾರ್ಡ್ ಬಾರದು; ನಿರ್ದಿಷ್ಟ ಗುರಿಯಿಲ್ಲದ ಮಹಾಸ್ಫೋಟಕಗಳಿಗೂ ಅದೇ ಕ್ಷೇತ್ರ. ಗುಪ್ತನೌಕೆಯೊಂದು ಎಸೆದ ಬಾಂಬು ನೇರವಾಗಿ ಸುಮಾರು 30 ಕಿಲೋಮೀಟರ್ ಸಾಗಿ, 15 ಕಿಲೋಮೀಟರ್ ತ್ರಿಜ್ಯದೊಳಗಿರುವ ಮಿತ್ರಾಮಿತ್ರರನ್ನೆಲ್ಲ ಹೊಡೆಯುತ್ತದೆ. ಅಷ್ಟೇ ಅಲ್ಲ, ಒಂದು ಬಾಂಬು ಜೊತೆಯ ಬಾಂಬನ್ನೂ ನಾಶಮಾಡಬಲ್ಲುದು. ಆದರೆ ಪ್ರತಿಯೊಂದು ಬಾಂಬಿಗೂ ತನ್ನದೇ ಜಾತಿಯ ಆಘಾತವನ್ನು ತಾಳಿಕೊಳ್ಳುವ ಶಕ್ತಿ ಬಹಳ. ಆದುದರಿಂದ ಬಾಂಬಿನ ದಳದವರು ಹೊರಡುವ ಮೊದಲೇ ಎಲ್ಲರೂ ಒಂದೇ ಜಾತಿಯದನ್ನು ತುಂಬಿಕೊಂಡಿರುವರೇ ಎಂದು ಒಬ್ಬೊಬ್ಬರನ್ನೂ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಯಾವ ದಂಡದ ಭಯವೂ ಇಲ್ಲದಲ್ಲಿ ಎಚ್ಚರಿಕೆಯು ಇಷ್ಟು ಕಟ್ಟುನಿಟ್ಟಾಗಿರುವುದು ಗಮನಾರ್ಹ.

ಆ ಸೀಮೆಯಲ್ಲಿ ಮಿತ್ರಮಂಡಳಿಯವರೆಲ್ಲ ಪರಸ್ಪರರ ತೆರೆಗಳ ಮೇಲೆ ನೀಲವರ್ಣದ ಗುರುತಿನಿಂದ ಕಾಣಿಸಿಕೊಳ್ಳುತ್ತಾರೆ; ‘ಬ್ಲೂ’ ಅಲ್ಲದವನನ್ನು ಹೊಡೆ ಎಂಬುದು ಅಲ್ಲಿ ಬಹುಮಂದಿಯ ವಾಡಿಕೆ. ಗಡಿಬಿಡಿಯಲ್ಲಿ ನೀಲವರ್ಣದವನನ್ನೇ ಹೊಡೆದುದಾದರೆ ಮಂಡಳಿಗಳಲ್ಲಿ ರೂಢಿಯಾಗಿರುವ ಕ್ರಮ ಇಷ್ಟೇ: ಹೊಡೆದವನು ಕ್ಷಮೆ ಬೇಡಿ, ನಾಶವಾದ ನೌಕೆಯ ಬೆಲೆಯನ್ನು ಅದರ ಒಡೆಯನಿಗೆ ತುಂಬಿಕೊಡುತ್ತಾನೆ. ಕಾನ್‌ಕಾರ್ಡ್ ತನ್ನ ಇಡೀ ಚರಿತ್ರೆಯಲ್ಲಿ ಸುಟ್ಟ ನೌಕೆಗಳ ಪೈಕಿ ಒಂದರಿಂದಲೂ ಹೊಡೆಸಿಕೊಂಡವನಿಗೆ ಇಂಥ ಪರಿಹಾರವನ್ನು ಕೊಡಿಸಿದುದಿಲ್ಲ.