ಚೈನಾ ಆಸ್ಟರ್: ಕಡಿಮೆ ನೀರಿನಲ್ಲಿ ಗಿಡ್ಡ ತಳಿಗಳ ಬೇಸಾಯ (ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳು)

ಪೀಠಿಕೆ

ಮಳೆಗಾಲ ಮುಗಿದ ನಂತರ, ಕಾರ್ತಿಕ ಮಾಸದಿಂದ ಸಂಕ್ರಾಂತಿಯವರೆಗೆ ಮನೆಯಂಗಳ, ಶಾಲಾ ಆವರಣ ಹಾಗೂ ಸಣ್ಣ ಹಿಡುವಳಿಗಳಲ್ಲಿ ಬಣ್ಣದ ಹೂಗಳನ್ನು ಪಡೆಯಲು ಚೈನಾ ಆಸ್ಟರ್ ಸೂಕ್ತವಾದ ಬೆಳೆಯಾಗಿರುತ್ತದೆ. ಬಿಳಿ, ಗುಲಾಬಿ, ನೇರಳೆ ಹಾಗೂ ನೀಲಿ ಬಣ್ಣಗಳಲ್ಲಿ ದೊರೆಯುವ ಈ ಹೂವು ಹಾರ, ಪೂಜೆ, ಹೂದಾನಿ ಮತ್ತು ಅಲಂಕಾರಿಕ ಮಡಿಗಳಿಗೆ ಬಳಕೆಯಾಗುತ್ತದೆ. ಚೀನಾ ಮೂಲದ ಈ ಸಸ್ಯದ ವೈಜ್ಞಾನಿಕ ಹೆಸರು ಕ್ಯಾಲಿಸ್ಟೆಫಸ್ ಚೈನೆನ್ಸಿಸ್. ಈ ಕುಲದಲ್ಲಿ ಇರುವುದು ಇದೊಂದೇ ಪ್ರಭೇದ.

ಬರ ಸಹಿಷ್ಣುತೆಯ ಬಗ್ಗೆ ಸ್ಪಷ್ಟೀಕರಣ

ಆಸ್ಟರ್ ಎಂಬ ಹೆಸರಿನಲ್ಲಿ ಎರಡು ಬಗೆಯ ಸಸ್ಯಗಳು ಬಳಕೆಯಲ್ಲಿವೆ. ಉತ್ತರ ಅಮೆರಿಕದ ಒಣ ಹುಲ್ಲುಗಾವಲುಗಳ ಕೆಲವು ಬಹುವಾರ್ಷಿಕ ಆಸ್ಟರ್‌ಗಳು ಒಮ್ಮೆ ಬೇರೂರಿದ ನಂತರ ಬರವನ್ನು ತಾಳಿಕೊಳ್ಳುತ್ತವೆ. ನಮ್ಮಲ್ಲಿ ಬೀಜದಿಂದ ಬೆಳೆಯುವ ಚೈನಾ ಆಸ್ಟರ್ ವಾರ್ಷಿಕ ಸಸ್ಯವಾಗಿದ್ದು, ಇದರ ಬೇರುಗಳು ಮಣ್ಣಿನ ಮೇಲ್ಪದರದಲ್ಲಿಯೇ ಹರಡುತ್ತವೆ. ಮೊಗ್ಗು ಮೂಡುವ ಹಂತದಲ್ಲಿ ತೇವಾಂಶದ ಕೊರತೆಯಾದಲ್ಲಿ ಹೂವಿನ ಗಾತ್ರ ಮತ್ತು ಸಂಖ್ಯೆ ಎರಡೂ ಕುಗ್ಗುತ್ತವೆ. ಆದುದರಿಂದ ಬೀಜದ ಪೊಟ್ಟಣದ ಮೇಲೆ ಬರ ಸಹಿಷ್ಣು ಎಂದು ನಮೂದಿಸಿದ್ದರೂ, ಇದನ್ನು ನೀರಿಲ್ಲದೆ ಬೆಳೆಯುವ ಗಿಡವೆಂದು ಭಾವಿಸಬಾರದು. ಗಿಡ್ಡ ತಳಿಯ ಆಯ್ಕೆ, ಸಕಾಲದ ಬಿತ್ತನೆ, ಹೊದಿಕೆ ಮತ್ತು ಹನಿ ನೀರಾವರಿ ಈ ನಾಲ್ಕು ಕ್ರಮಗಳಿಂದ ಮಾತ್ರ ನೀರಿನ ಉಳಿತಾಯ ಸಾಧ್ಯ.

ಹವಾಗುಣ ಮತ್ತು ಮಣ್ಣು

ಅರಸೀಕೆರೆ ತಾಲ್ಲೂಕು ಮಧ್ಯ ಒಣ ವಲಯಕ್ಕೆ ಸೇರಿದ್ದು, ಇಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳ ಮಳೆ ಪ್ರಮುಖವಾದುದು. ಅರೆ ಮಲೆನಾಡಿನ ಬೇಲೂರು ತಾಲ್ಲೂಕಿನಲ್ಲಿ ಜುಲೈ ತಿಂಗಳ ಮಳೆ ಅಧಿಕವಾಗಿದ್ದು, ನೀರು ನಿಲ್ಲುವುದೇ ಮುಖ್ಯ ತೊಂದರೆಯಾಗಿರುತ್ತದೆ. ನೀರು ಬಸಿದು ಹೋಗುವ ಕೆಂಪು ಗೋಡು ಮಣ್ಣು ಈ ಬೆಳೆಗೆ ಉತ್ತಮ. ಜೌಗು ಭೂಮಿ ಸೂಕ್ತವಲ್ಲ. ದಿನವಿಡೀ ಬಿಸಿಲು ಬೀಳುವ ಜಾಗವನ್ನೇ ಆರಿಸಿಕೊಳ್ಳತಕ್ಕದ್ದು. ತೆಂಗಿನ ತೋಟದ ದಟ್ಟ ನೆರಳಿನಲ್ಲಿ ಗಿಡ ಬೆಳೆದರೂ ಹೂ ಕಡಿಮೆಯಾಗುತ್ತದೆ.

ತಳಿಗಳು

ಎತ್ತರವನ್ನು ಅನುಸರಿಸಿ ತಳಿಗಳನ್ನು ಗಿಡ್ಡ (20 ರಿಂದ 30 ಸೆಂ.ಮೀ.), ಮಧ್ಯಮ (30 ರಿಂದ 60 ಸೆಂ.ಮೀ.) ಮತ್ತು ಎತ್ತರ (60 ಸೆಂ.ಮೀ. ಮೇಲ್ಪಟ್ಟು) ಎಂದು ವಿಂಗಡಿಸಲಾಗಿದೆ. ಕುಂಡ ಮತ್ತು ಅಂಚಿನ ಮಡಿಗಳಿಗೆ ಗಿಡ್ಡ ತಳಿಗಳು ಸೂಕ್ತ. ಇವು ಗಾಳಿಗೆ ಬಾಗುವುದಿಲ್ಲ, ಊರುಗೋಲಿನ ಅವಶ್ಯಕತೆಯಿಲ್ಲ. ಮಾರಾಟಕ್ಕಾಗಿ ಬೆಳೆಯುವವರು ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ಆಯ್ದುಕೊಳ್ಳಬಹುದು:

1. ಕಾಮಿನಿ: ಕಡು ಗುಲಾಬಿ ಬಣ್ಣ
2. ಪೂರ್ಣಿಮಾ: ಬಿಳಿ ಬಣ್ಣ
3. ಶಶಾಂಕ್: ಕೆನೆ ಬಿಳಿ ಬಣ್ಣ
4. ವೈಲೆಟ್ ಕುಶನ್: ನೇರಳೆ ಬಣ್ಣ

ಬೀಜದ ಗುಣಮಟ್ಟ

ಆಸ್ಟರ್ ಬೀಜದ ಮೊಳಕೆ ಶಕ್ತಿಯು ಸಾಮಾನ್ಯ ಸಂಗ್ರಹಣೆಯಲ್ಲಿ ಒಂದು ವರ್ಷದ ನಂತರ ಶೀಘ್ರವಾಗಿ ಕುಂದುತ್ತದೆ. ಹಳೆಯ ಬೀಜ ಬಿತ್ತಿದವರಿಗೆ ಬೀಜದ ಹಣದ ಜೊತೆಗೆ ಬಿತ್ತನೆಯ ಹದವೂ ಕೈತಪ್ಪುತ್ತದೆ. ಪೊಟ್ಟಣದ ಮೇಲಿನ ಪರೀಕ್ಷಾ ದಿನಾಂಕ ಮತ್ತು ಅವಧಿಯನ್ನು ಪರಿಶೀಲಿಸಿ, ರಸೀದಿ ಪಡೆದು ಖರೀದಿಸತಕ್ಕದ್ದು. ಬಿತ್ತನೆಗೆ ಮುನ್ನ 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು 10 ದಿನಗಳ ನಂತರ ಮೊಳಕೆ ಎಣಿಸಬೇಕು. ಅರ್ಧಕ್ಕಿಂತ ಕಡಿಮೆ ಮೊಳೆತಲ್ಲಿ ಬೇರೆ ಬೀಜ ತರುವುದು ಲೇಸು.

ಚೈನಾ ಆಸ್ಟರ್‌ನಲ್ಲಿ ಬಹುಪಾಲು ಸ್ವಕೀಯ ಪರಾಗಸ್ಪರ್ಶ ನಡೆಯುವುದರಿಂದ, ಮಿಶ್ರತಳಿಯಲ್ಲದ ಗಿಡಗಳ ಬೀಜವನ್ನು ಬೆಳೆಗಾರರೇ ಸಂಗ್ರಹಿಸಿ ಮುಂದಿನ ಹಂಗಾಮಿಗೆ ಬಳಸಬಹುದು. ರೋಗವಿಲ್ಲದ ಗಿಡಗಳಿಂದ, ಬಣ್ಣವಾರು ಬೇರ್ಪಡಿಸಿ ತೆಗೆದು, ನೆರಳಿನಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು.

ಬಿತ್ತನೆ ಮತ್ತು ನಾಟಿ

ಸಸಿಗಳು 30 ರಿಂದ 40 ದಿನಗಳಲ್ಲಿ ನಾಟಿಗೆ ಸಿದ್ಧವಾಗುತ್ತವೆ. ನಾಟಿಯಾದ ಎರಡು, ಎರಡೂವರೆ ತಿಂಗಳಲ್ಲಿ ಹೂ ಆರಂಭವಾಗುತ್ತದೆ. ಈ ಲೆಕ್ಕದಂತೆ:

• ಅರಸೀಕೆರೆ ತಾಲ್ಲೂಕಿನಲ್ಲಿ ಜುಲೈ ಮಧ್ಯಭಾಗದಿಂದ ಆಗಸ್ಟ್ ಮೊದಲ ವಾರದೊಳಗೆ ಸಸಿಮಡಿಯಲ್ಲಿ ಬಿತ್ತಿ, ಹುಬ್ಬೆ ಅಥವಾ ಉತ್ತರೆ ಮಳೆಯ ಹದದಲ್ಲಿ ನಾಟಿ ಮಾಡಿದಲ್ಲಿ, ಬೇರೂರುವ ಹಂತಕ್ಕೆ ಹಿಂಗಾರು ಮಳೆ ಒದಗುತ್ತದೆ.
• ಬೇಲೂರು ಮತ್ತು ಹಳೇಬೀಡು ಭಾಗದಲ್ಲಿ ಸಸಿಮಡಿಯನ್ನು 15 ಸೆಂ.ಮೀ. ಎತ್ತರದ ಏರುಮಡಿಯಾಗಿ ಮಾಡಿ, ಬಿರುಮಳೆಯಿಂದ ರಕ್ಷಿಸಲು ಮೇಲ್ಚಪ್ಪರ ಒದಗಿಸತಕ್ಕದ್ದು.
• ದೀಪಾವಳಿಗೆ ಹೂ ಬೇಕಾದಲ್ಲಿ ಜೂನ್ ತಿಂಗಳಲ್ಲಿಯೇ ಬಿತ್ತನೆ ಅವಶ್ಯ.

ತೀರಾ ತಡವಾಗಿ ನಾಟಿ ಮಾಡಿದಲ್ಲಿ ಹಗಲಿನ ಅವಧಿ ಕಡಿಮೆಯಾಗುವುದರಿಂದ ಗಿಡ ಕುಗ್ಗಿ, ಹೂವಿನ ದಂಟು ಗಿಡ್ಡವಾಗುತ್ತದೆ.

ನಾಟಿಯ ಅಂತರ ಗಿಡ್ಡ ತಳಿಗಳಿಗೆ 20 x 20 ಸೆಂ.ಮೀ., ಇತರೆ ತಳಿಗಳಿಗೆ 30 x 30 ಸೆಂ.ಮೀ. ಸಂಜೆಯ ವೇಳೆ ನಾಟಿ ಮಾಡಿ ಕೂಡಲೇ ನೀರು ಕೊಡಬೇಕು. ಪ್ರತಿ ಚದರ ಮೀಟರ್‌ಗೆ ಸುಮಾರು 2 ಕಿ.ಗ್ರಾಂ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸುವುದು. ರಸಗೊಬ್ಬರಗಳನ್ನು ಮಣ್ಣು ಪರೀಕ್ಷೆಯ ವರದಿಯಂತೆ ಬಳಸಿ, ಸಾರಜನಕದ ಅರ್ಧ ಭಾಗವನ್ನು ನಾಟಿ ಸಮಯದಲ್ಲಿ, ಉಳಿದರ್ಧವನ್ನು 40 ದಿನಗಳ ನಂತರ ನೀಡುವುದು. ನಾಟಿಯಾದ ಒಂದು ತಿಂಗಳಿಗೆ ಎತ್ತರದ ತಳಿಗಳ ತುದಿ ಕುಡಿ ಚಿವುಟಿದಲ್ಲಿ ಪಕ್ಕದ ಕವಲುಗಳು ಹೆಚ್ಚುತ್ತವೆ.

ನೀರಿನ ನಿರ್ವಹಣೆ

ಮಳೆ ನಿಂತ ನಂತರ ಮಣ್ಣಿನ ಗುಣವನ್ನು ಅನುಸರಿಸಿ 5 ರಿಂದ 7 ದಿನಗಳಿಗೊಮ್ಮೆ ನೀರು ಒದಗಿಸಬೇಕು. 10 ಚದರ ಮೀಟರ್ ಮಡಿಗೆ ಒಮ್ಮೆಗೆ 20 ಮಿ.ಮೀ. ನೀರು ಕೊಡಲು 200 ಲೀಟರ್ ಬೇಕಾಗುತ್ತದೆ. ವಾರಕ್ಕೊಮ್ಮೆಯಂತೆ 8 ವಾರಗಳಿಗೆ ಇದು 1,600 ಲೀಟರ್ ಆಗುತ್ತದೆ. ಇಷ್ಟು ನೀರನ್ನು ಹೊಂದಿಸಲಾಗದ ಕುಟುಂಬಗಳು ಮಡಿಯ ವಿಸ್ತೀರ್ಣವನ್ನು ಮೊದಲೇ ಕಡಿಮೆ ಮಾಡಿಕೊಳ್ಳುವುದು ಸೂಕ್ತ. ದೊಡ್ಡ ಮಡಿಯನ್ನು ಅರ್ಧಕ್ಕೆ ಒಣಗಿಸುವುದಕ್ಕಿಂತ ಸಣ್ಣ ಮಡಿಯಲ್ಲಿ ಪೂರ್ಣ ಹೂ ಪಡೆಯುವುದು ಲಾಭಕರ.

ಗಿಡಗಳ ನಡುವೆ ಹೊದಿಕೆ ಹಾಕುವುದರಿಂದ ತೇವಾಂಶ ಉಳಿಯುತ್ತದೆ. ಅರಸೀಕೆರೆ ಭಾಗದಲ್ಲಿ ತೆಂಗಿನ ಗರಿಯ ಚೂರು ಅಥವಾ ಕಳಿತ ತೆಂಗಿನ ನಾರಿನ ಪುಡಿಯನ್ನು, ಬೇಲೂರು ಭಾಗದಲ್ಲಿ ಕಳಿತ ಕಾಫಿ ಸಿಪ್ಪೆಯನ್ನು ಬಳಸಬಹುದು. ಹೊದಿಕೆಯು ಕಾಂಡಕ್ಕೆ ತಾಗದಂತೆ ಎಚ್ಚರ ವಹಿಸಬೇಕು.

ಸಸ್ಯ ಸಂರಕ್ಷಣೆ

ಸೊರಗು ರೋಗ: ಈ ಬೆಳೆಯ ಅತ್ಯಂತ ಹಾನಿಕಾರಕ ರೋಗ. ಎಲೆಗಳು ಹಳದಿಯಾಗಿ, ಕಾಂಡದ ಬುಡ ಕಪ್ಪಾಗಿ ಗಿಡ ಸೊರಗುತ್ತದೆ. ರೋಗಕಾರಕ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ರೋಗ ಕಂಡ ಮಡಿಯಲ್ಲಿ ಕನಿಷ್ಠ 3 ರಿಂದ 4 ವರ್ಷ ಆಸ್ಟರ್ ಬೆಳೆಯಬಾರದು. ಟ್ರೈಕೋಡರ್ಮ ಬೆರೆಸಿದ ಕೊಟ್ಟಿಗೆ ಗೊಬ್ಬರದ ಬಳಕೆ ಸಹಾಯಕ.

ಹಳದಿ ರೋಗ: ಜಿಗಿಹುಳುಗಳಿಂದ ಹರಡುತ್ತದೆ. ಗಿಡ ಹಳದಿಯಾಗಿ ಹೂಗಳು ಹಸಿರು ಬಣ್ಣಕ್ಕೆ ತಿರುಗುತ್ತವೆ. ಇದಕ್ಕೆ ಚಿಕಿತ್ಸೆಯಿಲ್ಲ. ರೋಗಪೀಡಿತ ಗಿಡಗಳನ್ನು ಕಿತ್ತು ನಾಶಪಡಿಸತಕ್ಕದ್ದು.

ಕೊಯ್ಲು

ಪೂರ್ಣ ಅರಳಿದ ಹೂಗಳನ್ನು ಬೆಳಗಿನ ತಂಪಿನಲ್ಲಿ ಕೊಯ್ಯಬೇಕು. ಅಲಂಕಾರಿಕ ಮಡಿಗಳಲ್ಲಿ ಬಾಡಿದ ಹೂಗಳನ್ನು ಆಗಿಂದಾಗ್ಗೆ ತೆಗೆಯುತ್ತಿದ್ದಲ್ಲಿ ಉಳಿದ ಮೊಗ್ಗುಗಳು ಚೆನ್ನಾಗಿ ಅರಳುತ್ತವೆ.

ಅರ್ಜಿ ಸಲ್ಲಿಸುವವರ ಗಮನಕ್ಕೆ

1. ಹನಿ ನೀರಾವರಿ ಹಾಗೂ ಪುಷ್ಪ ಬೆಳೆ ಪ್ರದೇಶ ವಿಸ್ತರಣೆಯ ಸಹಾಯಧನಕ್ಕಾಗಿ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸುವುದು. ಸಹಾಯಧನದ ಪ್ರಮಾಣವು ಆಯಾ ಆರ್ಥಿಕ ವರ್ಷದ ಮಾರ್ಗಸೂಚಿ ಮತ್ತು ಅನುದಾನದ ಲಭ್ಯತೆಗೆ ಒಳಪಟ್ಟಿರುತ್ತದೆ.
2. ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಫ್ರೂಟ್ಸ್ ನೋಂದಣಿ ಸಂಖ್ಯೆ ಹಾಗೂ ಅನ್ವಯಿಸುವಲ್ಲಿ ಜಾತಿ ಪ್ರಮಾಣಪತ್ರವನ್ನು ಸಿದ್ಧವಾಗಿಟ್ಟುಕೊಳ್ಳುವುದು.
3. ಕಾರ್ಯಾದೇಶ ದೊರೆಯುವ ಮುನ್ನ ಹನಿ ನೀರಾವರಿ ಉಪಕರಣಗಳನ್ನು ಖರೀದಿಸಬಾರದು.
4. ಬೇಸಾಯ ಮತ್ತು ಮಣ್ಣು ಪರೀಕ್ಷೆಯ ಸಲಹೆಗಾಗಿ ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನೂ ಸಂಪರ್ಕಿಸಬಹುದು.
5. ಜುಲೈ ಬಿತ್ತನೆಗೆ ಬೇಕಾದ ಬೀಜದ ಲಭ್ಯತೆಯನ್ನು ಮೇ ತಿಂಗಳಲ್ಲಿಯೇ ವಿಚಾರಿಸುವುದು ಸೂಕ್ತ.