ನದಿಯಿಲ್ಲದ ನಾಡಿನ ಹೊಳೆ

ಊರಿಗೆ ಹೋದಾಗ ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದು ನಿಮಗೆ ನೆನಪಿದೆ ಅಲ್ವಾ? ಅಮೀರಾತಿನಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ಆದರೂ ಒಂದು ಶನಿವಾರ, ದುಬೈಯಿಂದ ಒಂದೂವರೆ ತಾಸು ದೂರದ ಅಲ್ ಐನ್‌ಗೆ ಹೋಗಿ ಬನ್ನಿ. ಅಬುಧಾಬಿಗೆ ಸೇರಿದ ಈ ಊರಿನ ತೋಪಿನಲ್ಲಿ ಲಕ್ಷಕ್ಕೂ ಹೆಚ್ಚು ಖರ್ಜೂರದ ಮರಗಳಿವೆ. ಆ ನೆರಳಲ್ಲಿ ಕಿರುಗಾಲುವೆಯ ಪಕ್ಕ ಕೂತರೆ, ಹೊರಗೆ ಮರುಭೂಮಿ ಇದೆ ಅನ್ನೋದೇ ಮರೆತುಹೋಗುತ್ತೆ.

ಈ ಕಾಲುವೆಗೆ ಇಲ್ಲಿನವರು ಫಲಜ್ ಅಂತಾರೆ. ಬೆಟ್ಟದ ಕಡೆ ಬಾವಿ ತೋಡಿ, ಸಿಕ್ಕ ನೀರನ್ನು ತುಸುವೇ ಇಳಿಜಾರಿನ ಸುರಂಗದಲ್ಲಿ ತೋಟದವರೆಗೆ ತರುವ ವಿದ್ಯೆ ಇದು. ನೆಲದಡಿ ಹರಿಯೋದರಿಂದ ನೀರು ಬಿಸಿಲಿಗೆ ಆವಿಯಾಗೋದೂ ಕಡಿಮೆ. ಅಲ್ ಐನ್ ಸುತ್ತ ಸಿಕ್ಕಿರುವ ಹಳೆಯ ಫಲಜ್‌ಗಳು ಸುಮಾರು 3000 ವರ್ಷ ಹಿಂದಿನವು. 2011ರಲ್ಲಿ ಯುನೆಸ್ಕೊ ಇಲ್ಲಿನ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದಿನವಿಡೀ ಡೇಟಾ ಜೊತೆ ಗುದ್ದಾಡುವ ನನಗೆ ಹಿಡಿಸಿದ್ದು ಹಂಚಿಕೆಯ ಲೆಕ್ಕ. ನೀರಿನ ಪಾಲನ್ನು ಸಮಯದಲ್ಲಿ ಅಳೆಯುತ್ತಿದ್ದರು: ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ. ಹಾಗಂತ ಪಾಲು ಎಲ್ಲರಿಗೂ ಸಮನಾಗಿರಲಿಲ್ಲ. ಹಕ್ಕು ಕೆಲವೇ ಮನೆತನಗಳ ಕೈಯಲ್ಲಿತ್ತು. 1946ರಲ್ಲಿ ಇಲ್ಲಿನ ಆಡಳಿತ ವಹಿಸಿಕೊಂಡ ಶೇಖ್ ಜಾಯೆದ್ ಹಳೆಯ ಫಲಜ್‌ಗಳನ್ನು ದುರಸ್ತಿ ಮಾಡಿಸಿದರು, ಹೊಸದನ್ನು ತೋಡಿಸಿದರು, ಆ ಹಕ್ಕಿನ ಪದ್ಧತಿಯನ್ನೇ ಬದಲಿಸಿದರು.

ಇದು ಪರದೇಶದ ಕತೆ ಅಂದ್ಕೋಬೇಡಿ. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಕಟ್ಟಿದ ಕರೇಜ್ ಇದೇ ಕುಲದ್ದು. ಕಾಸರಗೋಡು, ದಕ್ಷಿಣ ಕನ್ನಡದ ರೈತರು ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಅಡಿಕೆ ತೋಟಕ್ಕೆ ನೀರು ತರುತ್ತಾರೆ. ಅದನ್ನು ಸುರಂಗ ಅಂತಲೇ ಕರೀತಾರೆ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಹಲವು ಸಲ ನೀರು ಸಿಗದಿದ್ದರೂ ಬಿಡದೆ, ಒಬ್ಬರೇ ಸುರಂಗ ಕೊರೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈಗ ಎರಡೂ ಕಡೆ ಒಂದೇ ಸಂಕಟ: ಬೋರ್‌ವೆಲ್. ಅಲ್ ಐನ್‌ನಲ್ಲಿ ಅಂತರ್ಜಲ ಕುಸಿದು ಫಲಜ್‌ಗಳ ಸಹಜ ಹರಿವು ಬತ್ತಿದೆ. ಇವತ್ತು ತೋಪಿನಲ್ಲಿ ಹರಿಯೋದು ಬಹುಪಾಲು ಪಂಪಿನ ನೀರು. ಫಲಜ್ ನೆಲ ಕೊಟ್ಟಷ್ಟನ್ನು ತರುತ್ತಿತ್ತು. ಪಂಪು ನಾವು ಕೇಳಿದಷ್ಟನ್ನು ಎತ್ತುತ್ತೆ.

ಅರಬ್ಬಿಯಲ್ಲಿ 'ಐನ್' ಅಂದರೆ ಕಣ್ಣು. ನೀರಿನ ಸೆಲೆಯೂ ಹೌದು. ನಮ್ಮಲ್ಲೂ ಸೆಲೆಗೆ 'ನೀರಿನ ಕಣ್ಣು' ಅನ್ನೋರಿದ್ದಾರೆ. ಅಲ್ಲಿಂದ ವಾಪಸ್ ಬಂದ ಮೇಲೆ ಊರಿಗೊಂದು ಫೋನ್ ಮಾಡಿ. ಬೋರ್‌ವೆಲ್ ಬರೋಕೆ ಮುಂಚೆ ನಮ್ಮ ತೋಟಕ್ಕೆ ನೀರು ಎಲ್ಲಿಂದ ಬರ್ತಿತ್ತು ಅಂತ ಅಜ್ಜ-ಅಜ್ಜಿಯನ್ನು ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.