ಶ್ರುತಿ ದಾಟಿತು, ಲಯ ದಾಟಲಿಲ್ಲ: ಮೊಬೈಲ್ ಜಾಲದಲ್ಲಿ ಕಛೇರಿಯ ಕೊಡುಕೊಳೆ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಂಡೆಯ ಸಣ್ಣ ಊರು. ಕರ್ನಾಟಕ ಸಂಗೀತದ ಗಾಯಕ ಆರ್. ಕೆ. ಶ್ರೀಕಂಠನ್ (1920–2014) ಹುಟ್ಟಿದ್ದು ಇಲ್ಲಿ. ರುದ್ರಪಟ್ಟಣ ಸಹೋದರರೆಂದು ಹೆಸರಾದ ಆರ್. ಎನ್. ತ್ಯಾಗರಾಜನ್ ಮತ್ತು ಆರ್. ಎನ್. ತಾರಾನಾಥನ್ ಅವರ ಮನೆತನದ ಬೇರೂ ಇಲ್ಲಿಯದೇ. ಗಾಯಕ ಆರ್. ಕೆ. ಪದ್ಮನಾಭ ಅವರ ಪ್ರಯತ್ನದಿಂದ ಊರಿನಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರವೊಂದು ಎದ್ದು ನಿಂತಿದೆ. ಈ ನಡುವೆ ತಂಬೂರಿಯ ನಾದ ಮೊಬೈಲಿಗೂ ಬಂದಿದೆ. ಸಾಧನೆಗೆ ಕೂರುವವರು ಆ್ಯಪ್ ತೆರೆದು ಶ್ರುತಿ ಆರಿಸಿದರೆ ಸಾಕು.

ಆದರೆ ಅದೇ ಫೋನನ್ನು ಹಿಡಿದು ಒಂದೂರಿನ ಗಾಯಕ, ಇನ್ನೊಂದೂರಿನ ಮೃದಂಗದವರು ಒಟ್ಟಿಗೆ ಒಂದು ಕೃತಿ ಹಾಡಲು ಹೊರಟರೆ ಎರಡನೆಯ ಆವರ್ತನಕ್ಕೇ ತಾಳ ಕೆಡುತ್ತದೆ. 2020ರ ಲಾಕ್‌ಡೌನಿನಲ್ಲಿ ಬಂದ ಬಹುಪಾಲು ‘ಒಟ್ಟು ಗಾಯನ’ದ ವಿಡಿಯೊಗಳು ಬೇರೆ ಬೇರೆಯಾಗಿ ಧ್ವನಿಮುದ್ರಿಸಿ ಆಮೇಲೆ ಜೋಡಿಸಿದವು. ಶ್ರುತಿಗೆ ಒಗ್ಗಿದ ತಂತ್ರಜ್ಞಾನ ಲಯಕ್ಕೆ ಏಕೆ ಒಗ್ಗಲಿಲ್ಲ?

ಮೊದಲು ಶ್ರುತಿಯ ಮಾತು. ಪಂಚಮ, ಎರಡು ಸಾರಣೆ, ಮಂದ್ರ ಷಡ್ಜ: ತಂಬೂರಿಯ ನಾಲ್ಕು ತಂತಿಗಳಿಗೆ ಇಷ್ಟೇ ಕೆಲಸ. ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ನೂಲೆಳೆಯಿಂದ ಅನುರಣನ ಹೇಗೆ ಹಿಗ್ಗುತ್ತದೆಂಬುದು ಸಿ. ವಿ. ರಾಮನ್ ಅವರ ಕುತೂಹಲಕ್ಕೂ ವಸ್ತುವಾಗಿತ್ತು. 1921ರಲ್ಲೇ ಅವರು ಭಾರತೀಯ ತಂತಿವಾದ್ಯಗಳ ಬಗ್ಗೆ ಬರೆದರು. ಬೆಂಗಳೂರಿನ ಇಂಜಿನಿಯರ್, ವೇಣುವಾದಕ ಜಿ. ರಾಜ್‌ನಾರಾಯಣ್ ತಮ್ಮ ರೇಡೆಲ್ ಸಂಸ್ಥೆಯ ಮೂಲಕ ಆ ನಾದವನ್ನು ವಿದ್ಯುನ್ಮಾನಕ್ಕೆ ತಂದರು. ಅಲ್ಲಿಂದ ಆ್ಯಪ್‌ಗೆ ದಾರಿ ಸುಲಭವಾಯಿತು. ತಂಬೂರಿ ಗಾಯಕನ ಮಾತಿಗೆ ಉತ್ತರ ಕೊಡಬೇಕಿಲ್ಲ; ಸದಾ ಒಂದೇ ಸಮ ನುಡಿಯುತ್ತಿದ್ದರಾಯಿತು. ಅರ್ಧ ಸೆಕೆಂಡು ತಡವಾಗಿ ಬಂದ ಷಡ್ಜವೂ ಷಡ್ಜವೇ.

ಲಯದ ಲೆಕ್ಕ ಬೇರೆ. ಒಂದು ಅಕ್ಷರಕ್ಕೆ ಒಂದು ಸೆಕೆಂಡಿನಂತೆ ಆದಿತಾಳ ಹಾಕಿದರೆ, ಚತುರಶ್ರ ನಡೆಯಲ್ಲಿ ಒಂದೊಂದು ಸ್ವರಕ್ಕೆ ಸಿಗುವುದು 250 ಮಿಲಿಸೆಕೆಂಡು. ಇದರ ಪಕ್ಕಕ್ಕೆ ಉಪಗ್ರಹದ ಹಾದಿಯ ತಡವನ್ನಿಟ್ಟು ನೋಡಿ. ಹಾಸನದಲ್ಲಿ 1982ರಲ್ಲಿ ಆರಂಭವಾದ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಸಂಕೇತ ಅಲ್ಲಿಗೆ ಏರಿ ಇಳಿಯಲು ಸುಮಾರು 240 ಮಿಲಿಸೆಕೆಂಡು ಬೇಕು. ಎಂದರೆ ಉಪಗ್ರಹದ ಹಾದಿಯಲ್ಲಿ ಬಂದ ಹಾಡು ಹೆಚ್ಚುಕಡಿಮೆ ಒಂದು ಸ್ವರದಷ್ಟು ಹಿಂದೆ ಬಿದ್ದಿರುತ್ತದೆ.

ನೆಲದ ಹಾದಿ ಇಷ್ಟು ದೂರದ್ದಲ್ಲ. ಗಾಜಿನ ಎಳೆಯಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ, ಹಾಸನದಿಂದ ಬೆಂಗಳೂರಿಗೆ ಬೇಕಾದದ್ದು ಒಂದು ಮಿಲಿಸೆಕೆಂಡಿನ ಆಚೀಚೆ. ಹೀಗಾಗಿ ಹೊಳೆನರಸೀಪುರವೋ ಚನ್ನರಾಯಪಟ್ಟಣವೋ ರಾಜಧಾನಿಯಿಂದ ದೂರ ಎಂಬುದು ಇಲ್ಲಿ ಅಡ್ಡಿಯಲ್ಲ. ಮೊಬೈಲ್ ಗೋಪುರದವರೆಗಿನ ಹಾದಿ, ಫೋನು ಧ್ವನಿಯನ್ನು ಕೂಡಿಟ್ಟು ಕಳಿಸುವ ಬಫರ್, ವಿಡಿಯೊ ಕರೆಯ ಸಂಸ್ಕರಣೆ, ಬ್ಲೂಟೂತ್ ಇಯರ್‌ಫೋನ್: ತಡ ಸೇರಿಕೊಳ್ಳುವುದು ಈ ಮೆಟ್ಟಿಲುಗಳಲ್ಲಿ.

ಎಷ್ಟು ತಡವಾದರೆ ತಾಳ ಕೆಡುತ್ತದೆ? ಸ್ಟ್ಯಾನ್‌ಫರ್ಡ್‌ನ ಕ್ರಿಸ್ ಚಾಫೆ ಮತ್ತು ಸಂಗಡಿಗರು ಬೇರೆ ಬೇರೆ ಕೋಣೆಯಲ್ಲಿ ಕೂತ ಜೋಡಿಗಳಿಂದ ಚಪ್ಪಾಳೆ ಹಾಕಿಸಿ ಇದನ್ನು ಅಳೆದರು. ಫಲಿತಾಂಶ 2004ರಲ್ಲಿ ಹೊರಬಂತು. ತಡ ಹೆಚ್ಚಿದಷ್ಟೂ ಚಪ್ಪಾಳೆ ನಿಧಾನವಾಯಿತು. ತಡ ತೀರ ಕಡಿಮೆಯಾದಾಗ ಚಪ್ಪಾಳೆ ಓಟ ಕಿತ್ತಿತು. ಕೂಡಿ ನುಡಿಸಲು ಸಾಮಾನ್ಯವಾಗಿ ಹೇಳುವ ಮಿತಿ 25–30 ಮಿಲಿಸೆಕೆಂಡು. ಗಾಳಿಯಲ್ಲಿ ಶಬ್ದ ಒಂಬತ್ತು–ಹತ್ತು ಮೀಟರ್ ಸಾಗುವ ಹೊತ್ತು ಅದು. ಪಕ್ಕವಾದ್ಯದವರು ಕೈಯಳತೆಯಲ್ಲಿ ಕೂರುವ ಕಛೇರಿಯ ವೇದಿಕೆ ಈ ಮಿತಿಯೊಳಗೆ ಆರಾಮವಾಗಿ ನಿಲ್ಲುತ್ತದೆ.

ಸಂಭಾಷಣೆಗೆ ಇಷ್ಟು ಬಿಗಿ ಇಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಒಮ್ಮುಖ ತಡ 150 ಮಿಲಿಸೆಕೆಂಡಿನವರೆಗೂ ಮಾತು ಸಲೀಸು. ಮೊಬೈಲ್ ಬಳಸಿ ಪ್ರೇಕ್ಷಕರನ್ನು ಒಳಗೊಂಡ ಹೆಸರಾಂತ ಪ್ರಯೋಗಗಳು ಸಾಗಿದ ದಿಕ್ಕನ್ನು ಇದು ಭಾಗಶಃ ವಿವರಿಸುತ್ತದೆ. ಜರ್ಮನಿಯ ರಿಮಿನಿ ಪ್ರೊಟೊಕಾಲ್ ರಂಗತಂಡ 2005ರಲ್ಲಿ ‘ಕಾಲ್ ಕಟ್ಟಾ’ ರಚಿಸಿದಾಗ, ಬರ್ಲಿನ್ ಬೀದಿಯಲ್ಲಿ ನಡೆಯುವ ಪ್ರೇಕ್ಷಕನಿಗೆ ಕೋಲ್ಕತ್ತದ ಕಾಲ್ ಸೆಂಟರಿನಿಂದ ದಾರಿ ಹೇಳಿಸಿತು. ಕಲಾವಿದ ಗೋಲನ್ ಲೆವಿನ್ 2001ರಲ್ಲಿ ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ ಸಭಿಕರ ಫೋನುಗಳನ್ನೇ ರಿಂಗಣಿಸಿ ಕಟ್ಟಿದ ಸಂಗೀತದಲ್ಲಿ ಸಭಿಕರೆಲ್ಲ ಒಂದೇ ಸಭಾಂಗಣದಲ್ಲಿದ್ದರು. ಕನ್ನಡದ ಮಟ್ಟಿಗೆ, ಅರ್ಥಗಾರಿಕೆಯ ಮಾತೇ ಜೀವವಾದ ತಾಳಮದ್ದಲೆ, ಪೃಚ್ಛಕರ ಪ್ರಶ್ನೆಗೆ ಪದ್ಯದಲ್ಲಿ ಉತ್ತರಿಸುವ ಅವಧಾನ ಈ ಜಾಲಕ್ಕೆ ಹೆಚ್ಚು ಹೊಂದುವ ಪ್ರಕಾರಗಳು.

ಹಾಗೆಂದು ಕಛೇರಿಯನ್ನು ಇಡಿಯಾಗಿ ಕೈಬಿಡಬೇಕಿಲ್ಲ. ಅದನ್ನು ಬಿಡಿಸಿ ನೋಡಬೇಕು. ಆಲಾಪನೆಯಲ್ಲಿ ತಾಳವಿಲ್ಲ. ಗಾಯಕ ನಿಲ್ಲಿಸಿದ ಮೇಲೆ ಪಿಟೀಲು ಎತ್ತಿಕೊಳ್ಳುವಾಗ ನಡುವಿನ ಕಾಲು ಸೆಕೆಂಡು ಕೇಳುಗನ ಗಮನಕ್ಕೂ ಬಾರದು. ಕಲ್ಪನಾಸ್ವರಕ್ಕೆ 2005ರ ನಿಂಜಾಮ್ ತಂತ್ರಾಂಶದ ಉಪಾಯ ಹೊಂದಬಹುದು. ಅದು ತಡವನ್ನು ಕುಗ್ಗಿಸಲು ಹೋಗದೆ, ಒಂದು ಪೂರ್ತಿ ಸುತ್ತಿನಷ್ಟಕ್ಕೆ ಹಿಗ್ಗಿಸುತ್ತದೆ. ಎದುರಿನವರು ಹಿಂದಿನ ಸುತ್ತಿನಲ್ಲಿ ನುಡಿಸಿದ್ದು ಈಗಿನ ಸುತ್ತಿನ ಸಮದಲ್ಲೇ ಕೇಳುತ್ತದೆ. ಆದಿತಾಳದ ಎಂಟು ಅಕ್ಷರದ ಆವರ್ತನಕ್ಕೆ ಈ ಲೆಕ್ಕ ಕೂರುತ್ತದೆ.

ಈ ಉಪಾಯಕ್ಕೆ ಬೆಲೆಯೂ ಇದೆ. ಕೇಳಿ ಉತ್ತರಿಸುವವರ ನಡುವೆ ಖಾಲಿ ಆವರ್ತನಗಳು ಉಳಿಯುತ್ತವೆ. ಎಲ್ಲರೂ ಕೂಡಿ ಹೊಡೆಯುವ ಕೋರ್ವೆ ಚನ್ನರಾಯಪಟ್ಟಣದ ಕೇಳುಗನಿಗೆ ಒಂದು ಬಗೆಯಾಗಿ, ಅರಕಲಗೂಡಿನವನಿಗೆ ಇನ್ನೊಂದು ಬಗೆಯಾಗಿ ಕೇಳುತ್ತದೆ. ಎರಡೂರಿನ ವೇದಿಕೆಗೆ ಕಛೇರಿ ರೂಪಿಸುವವರು ಆಲಾಪನೆ, ತಾನ, ಶ್ಲೋಕಗಳನ್ನು ಜಾಲಕ್ಕೆ ಬಿಟ್ಟು, ತನಿ ಆವರ್ತನವನ್ನು ಒಂದೇ ಊರಿನ ಲಯವಾದ್ಯಗಳಿಗೆ ಒಪ್ಪಿಸುವುದು ಸದ್ಯಕ್ಕೆ ಸಾಧ್ಯವಿರುವ ಹಂಚಿಕೆ.